ರಾಜಿ ಕೌಂಟರ್

ನಮ್ಮೂರಿನ ವಿಮಾನ ನಿಲ್ದಾಣದಲ್ಲಿ ಇರುವುದೇ ಮೂರು ಕೌಂಟರು. ಒಂದು ಟಿಕೆಟ್ಟಿನದು, ಒಂದು ಲಗೇಜು ತೂಗುವುದು, ಮೂರನೆಯದು ನನ್ನದು. ನನ್ನ ತಲೆಯ ಮೇಲಿನ ಬೋರ್ಡಿನಲ್ಲಿ ‘ಪ್ರಯಾಣಿಕರ ಸಮಾಧಾನ ವಿಭಾಗ’ ಅಂತ ಬರೆದಿದ್ದಾರೆ. ಆ ಹೆಸರು ಹೇಳಿ ವಿಚಾರಿಸಿದರೆ ಊರಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ರಾಜಿ ಕೌಂಟರ್ ಎಲ್ಲಿ ಅಂದರೆ ಮಾತ್ರ ಕುರಿ ಕಾಯುವವರೂ ಕೈ ಮಾಡಿ ತೋರಿಸುತ್ತಾರೆ. ಹದಿನಾರು ವರ್ಷದಿಂದ ಅಲ್ಲೇ ಕೂತಿದ್ದೇನೆ. ನನ್ನ ಹೆಸರು ಅಂಬುಜಾಕ್ಷಿ, ಎಲ್ಲರೂ ಕರೆಯುವುದು ಅಂಬುಜಕ್ಕ. ಮೇಜಿನ ಮೇಲೆ ಒಂದು ಫೋನು, ಒಂದು ಹೂಜಿ ನೀರು, ಮೇಜಿನಾಚೆ ಎರಡು ಕುರ್ಚಿ. ಆ ಕುರ್ಚಿಗಳನ್ನು ಅಕ್ಕಪಕ್ಕ ಹಾಕಿಸಿದ್ದೇನೆ. ಎದುರುಬದುರು ಹಾಕಿದರೆ ಜನ ಇನ್ನೊಂದು ಸುತ್ತು ಶುರು ಮಾಡಿಬಿಡುತ್ತಾರೆ.

ಯಾರ ಮೇಲಾದರೂ ಮುನಿಸು ಇಟ್ಟುಕೊಂಡೋ, ಯಾರದಾದರೂ ಮುನಿಸು ಕಟ್ಟಿಕೊಂಡೋ ಹತ್ತಿದವರು ಒಬ್ಬರಿದ್ದರೂ ನಮ್ಮ ವಿಮಾನ ನೆಲ ಬಿಡುವುದಿಲ್ಲ. ರನ್‌ವೇ ತುದಿಯವರೆಗೆ ಓಡುತ್ತದೆ, ಕಿವಿ ಹರಿದುಹೋಗುವಂತೆ ಕೂಗುತ್ತದೆ, ಚಕ್ರ ಮಾತ್ರ ಏಳುವುದಿಲ್ಲ. ಆಮೇಲೆ ತಿರುಗಿಕೊಂಡು ನಿಧಾನಕ್ಕೆ ವಾಪಸು ಬಂದು ನಿಲ್ಲುತ್ತದೆ. ಇಳಿಯುವುದಕ್ಕೆ ಇಂಥ ಷರತ್ತೇನೂ ಇಲ್ಲ. ಬೇರೆ ಊರಿನವರು ಹೊಟ್ಟೆಯೊಳಗೆ ಏನು ಬೇಕಾದರೂ ಇಟ್ಟುಕೊಂಡು ಬಂದು ಇಳಿಯಬಹುದು, ವಾಪಸು ಹೋಗುವಾಗ ಮಾತ್ರ ನನ್ನ ಹತ್ತಿರ ಬರಲೇಬೇಕು.

ನಮ್ಮ ಜನ ಇದಕ್ಕೆ ಒಗ್ಗಿಕೊಂಡು ಎಷ್ಟೋ ಕಾಲವಾಯಿತು. ನಾಳೆ ವಿಮಾನ ಹತ್ತಬೇಕಾದವರು ಇವತ್ತು ಸಾಯಂಕಾಲ ಕೈಕಾಲು ಮುಖ ತೊಳೆದುಕೊಂಡು ಬೀದಿಯಲ್ಲಿ ಮನೆಮನೆಗೆ ಹೋಗಿ, “ನಾಳೆ ಹೊರಟಿದೀನಿ, ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ” ಅಂತ ಕೇಳಿಬರುತ್ತಾರೆ. ಇದೇ ಸಮಯ ಅಂತ ಅಕ್ಕಪಕ್ಕದವರು ಒಯ್ದಿದ್ದ ಇಡ್ಲಿ ಪಾತ್ರೆ ವಾಪಸು ಕೇಳುತ್ತಾರೆ, ಗೋಡೆಯಾಚೆ ಬಂದ ನುಗ್ಗೆ ಕೊಂಬೆಯ ಮಾತೆತ್ತುತ್ತಾರೆ. ಗಂಡ ಊರಿಗೆ ಹೋಗುವುದು ಇಷ್ಟವಿಲ್ಲದ ಹೆಂಡತಿ ಮೂತಿ ಉಬ್ಬಿಸಿಕೊಂಡು ಕೂತರೆ ಆಯಿತು, ಬೇರೆ ಏನೂ ಮಾಡಬೇಕಾಗಿಲ್ಲ. ಅತ್ತೆಯನ್ನು ಆದಷ್ಟು ಬೇಗ ಮಗಳ ಮನೆಗೆ ಕಳಿಸಬೇಕು ಅನ್ನುವ ಸೊಸೆಯಂದಿರು ವಾರದ ಮುಂಚಿನಿಂದ ಒಬ್ಬಟ್ಟು ಮಾಡಿ ಹಾಕುತ್ತಾರೆ. ನಮ್ಮ ಶಾಸಕರು ಇವತ್ತಿನವರೆಗೆ ಒಂದು ಸಲವೂ ಇಲ್ಲಿಂದ ವಿಮಾನ ಹತ್ತಿಲ್ಲ, ಎಲ್ಲಿಗೆ ಹೋದರೂ ಕಾರಿನಲ್ಲೇ ಹೋಗುತ್ತಾರೆ. ಕ್ಯಾಪ್ಟನ್ ಬೆಳ್ಳಿಯಪ್ಪ ಕೂಡ ಪ್ರತಿ ಸಲ ಹಾರುವ ಮುಂಚೆ ನನ್ನ ಫೋನಿನಿಂದಲೇ ಹೆಂಡತಿಯ ಜೊತೆ ಮಾತಾಡುತ್ತಾರೆ. ಹಿಂದೊಮ್ಮೆ ಅವರ ಮನೆಯ ಪರದೆಯ ಬಣ್ಣದ ವಿಚಾರವಾಗಿ ಹತ್ತೊಂಬತ್ತು ಜನ ಒಂದು ಗಂಟೆ ಬಿಸಿಲಲ್ಲಿ ಕಾದಿದ್ದರು.

ಇಷ್ಟೆಲ್ಲ ಹೇಳಿದ್ದು ತುಳಸಾಬಾಯಿಯ ವಿಷಯಕ್ಕೆ ಬರುವುದಕ್ಕೆ. ಬಸ್ ಸ್ಟ್ಯಾಂಡಿನ ಹಿಂದೆ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಅವರದು. ಅರವತ್ತೆರಡು ವರ್ಷ, ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಊರಿನ ಅರ್ಧ ಹೆಂಗಸರ ಅಳತೆ ಅವರಿಗೆ ಬಾಯಿಪಾಠ. ಬಾಯಿಯೂ ಜೋರು. ಅವತ್ತು ಬೆಳಿಗ್ಗೆ ಏಳು ಗಂಟೆಗೇ ಒಂದು ಬಟ್ಟೆ ಚೀಲ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತರು. ಇಸ್ತ್ರಿ ಮಾಡಿದ ಬೂದು ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು. ವಿಮಾನ ಹತ್ತುತ್ತಿರುವುದು ಅದೇ ಮೊದಲು.

“ಯಾರ ಜೊತೆಗಾದ್ರೂ ಏನಾದ್ರೂ ಜಗಳ ಇದೆಯಾ ಬಾಯಿ?” ಅಂತ ಕೇಳಿದೆ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು.

“ಯಾರ ಜೊತೇನೂ ಇಲ್ಲ.”

“ಹೊರಟಿರೋದು ಯಾತಕ್ಕೆ?”

“ಅಕ್ಕನ್ನ ನೋಡೋಕೆ. ಆಸ್ಪತ್ರೇಲಿದಾಳೆ. ಇವತ್ತು ನಾಲ್ಕು ಗಂಟೆಗೆ ಎದೆ ಆಪರೇಷನ್ನಂತೆ. ಅದಕ್ಕೆ ಮುಂಚೆ ನನ್ನನ್ನ ನೋಡ್ಬೇಕು ಅಂದಳಂತೆ. ಅವಳ ಮಗಳು ನಿನ್ನೆ ಫೋನ್ ಮಾಡಿದ್ಲು.”

ಬಸ್ಸಿನಲ್ಲಿ ಹೋದರೆ ಹದಿನಾಲ್ಕು ಗಂಟೆಯ ದಾರಿ. ವಿಮಾನದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಒಂಬತ್ತೂವರೆಗೆ ಹೊರಟರೆ ಹನ್ನೊಂದಕ್ಕೆ ಅಲ್ಲಿರುತ್ತಾರೆ, ಅಕ್ಕನ ಪಕ್ಕದಲ್ಲಿ ಮಧ್ಯಾಹ್ನವಿಡೀ ಕೂರಬಹುದು. ಚೀಟಿಗೆ ಮುದ್ರೆ ಒತ್ತಿ ಕೊಟ್ಟೆ. ಇನ್ನೊಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು, ಈಗಲೂ ಒಪ್ಪುತ್ತೇನೆ. ಆದರೆ ಹದಿನಾರು ವರ್ಷದಲ್ಲಿ ನನ್ನ ಮೇಜಿನ ಮುಂದೆ ಬಂದದ್ದೆಲ್ಲ ಊರಿನವರ ಜಗಳಗಳೇ. ಹಿಂದೆ ಬಿಟ್ಟುಹೋಗುವವರ ಜೊತೆಗಿನ ಮುನಿಸು ಮಾತ್ರ ವಿಮಾನಕ್ಕೆ ಭಾರವಾಗುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೆವು.

ಒಂಬತ್ತೂವರೆಗೆ ವಿಮಾನ ಓಡಿತು, ಏಳಲಿಲ್ಲ. ವಾಪಸು ಬಂದು ನಿಂತಾಗ ನಾನು ಎಂದಿನಂತೆ ಮೆಟ್ಟಿಲು ಹತ್ತಿ ಒಳಗೆ ಇಣುಕಿ, “ಯಾರಪ್ಪಾ ಅದು?” ಅಂದೆ. ಕಾಲೇಜಿನ ಮೇಷ್ಟ್ರೊಬ್ಬರು ತಲೆ ತಗ್ಗಿಸಿಕೊಂಡು ಕೈ ಎತ್ತಿದರು. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಯಿತು ಅಂದಿದ್ದರಂತೆ, ಹೆಂಡತಿ ಬಾಗಿಲವರೆಗೂ ಬಂದಿರಲಿಲ್ಲವಂತೆ. ಕೆಳಗೆ ಇಳಿಸಿಕೊಂಡು ಬಂದು ಫೋನು ಹಚ್ಚಿಕೊಟ್ಟೆ. ಐದು ನಿಮಿಷದಲ್ಲಿ ಮುಗಿಯಿತು. ಎರಡನೇ ಸಲ ಓಡಿಸಿದರು. ಆಗಲೂ ಏಳಲಿಲ್ಲ.

ಈ ಸಲ ಯಾರೂ ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತು ಕಳೆದ ಮೇಲೆ ಎಲ್ಲರ ಕಣ್ಣೂ ತಾನಾಗಿ ತುಳಸಾಬಾಯಿಯ ಕಡೆ ತಿರುಗಿತು. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹೆಂಗಸರ ಬಟ್ಟೆ ಹೊಲಿಯುವವರು ಅಂದಮೇಲೆ ಊರಲ್ಲಿ ಅವರ ಮೇಲೆ ಮುನಿಸಿಲ್ಲದ ಹೆಂಗಸು ಇರುವುದಕ್ಕೆ ಸಾಧ್ಯವೇ? ಹಬ್ಬಕ್ಕೆ ಅಂತ ಕೊಟ್ಟ ರವಿಕೆ ಹಬ್ಬ ಮುಗಿದ ಮೇಲೆ ಸಿಕ್ಕಿರುತ್ತದೆ, ಇಲ್ಲವಾದರೆ ಕೊರಳು ಅಗಲವಾಗಿರುತ್ತದೆ.

ಸುದ್ದಿ ಬೇಲಿ ದಾಟಿ ಕ್ಯಾಂಟೀನಿಗೆ ಹೋಯಿತು, ಕ್ಯಾಂಟೀನಿನಿಂದ ಆಟೋ ಸ್ಟ್ಯಾಂಡಿಗೆ, ಅಲ್ಲಿಂದ ಊರೊಳಕ್ಕೆ. ಅರ್ಧ ಗಂಟೆಯಲ್ಲಿ ಶೇಂಗಾ ಹೊಲಗಳ ನಡುವಿನ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಆಟೋಗಳು ಬರತೊಡಗಿದವು. ಒಬ್ಬೊಬ್ಬರೇ ಹೆಂಗಸರು ಇಳಿದು ಬೇಲಿಯ ಹತ್ತಿರ ಸಾಲಾಗಿ ನಿಂತರು. ತುಳಸಾಬಾಯಿಯನ್ನು ಈಚೆ ಕಡೆ ನಿಲ್ಲಿಸಿದೆ.

“ಬಾಯಿ, ನನ್ನ ಮದುವೆ ರವಿಕೆ ತೋಳು ಬಿಗಿ ಮಾಡಿದ್ರಲ್ಲ, ಅದನ್ನ ನಾನು ಯಾವತ್ತೋ ಮರೆತುಬಿಟ್ಟಿದೀನಿ” ಅಂದಳು ಒಬ್ಬಳು.

“ತೋಳು ಬಿಗಿ ಮಾಡಿದ್ದು ನಾನಲ್ಲ. ದಪ್ಪ ಆಗಿದ್ದು ನೀನು” ಅಂದರು ತುಳಸಾಬಾಯಿ.

“ಬಾಯಿ, ದಯವಿಟ್ಟು ಈಗ ಬೇಡ, ಎಲ್ಲ ಕಾಯ್ತಿದಾರೆ” ಅಂತ ನಾನು ಮೊಣಕೈಯಿಂದ ತಿವಿದೆ. ಆಮೇಲೆ ಅವರು ಸುಮ್ಮನೆ ತಲೆಯಾಡಿಸುತ್ತಾ ಹೋದರು. ಇಪ್ಪತ್ತಮೂರು ಹೆಂಗಸರು ಬಂದಿದ್ದರು. ಕೊನೆಯಲ್ಲಿದ್ದ ಅಜ್ಜಿಯೊಬ್ಬರಿಗೆ ಯಾವ ಮುನಿಸೂ ಇರಲಿಲ್ಲ. “ನಿನ್ನ ಅಕ್ಕ ಹುಷಾರಾಗ್ಲಿ” ಅಂತಷ್ಟೇ ಹೇಳುವುದಕ್ಕೆ ಬಂದಿದ್ದರು. ಅದನ್ನು ಕೇಳಿ ತುಳಸಾಬಾಯಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದನ್ನು ನಾನು ನೋಡಿದೆ.

ಮೂರನೇ ಸಲವೂ ವಿಮಾನ ಏಳಲಿಲ್ಲ. ಗಂಟೆ ಹನ್ನೆರಡು ದಾಟಿತ್ತು. ಕ್ಯಾಪ್ಟನ್ ಬೆಳ್ಳಿಯಪ್ಪ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದರು. “ಅಂಬುಜಕ್ಕ, ಇನ್ನೊಂದೇ ಸಲ ಓಡಿಸೋಕಾಗೋದು. ಅದಕ್ಕೂ ಮೇಲೆ ಓಡಿಸಿದ್ರೆ ಅಲ್ಲೀವರೆಗೆ ಹೋಗೋಕೆ ಇಂಧನ ಸಾಲಲ್ಲ. ಟ್ಯಾಂಕರ್ ಬರೋದು ನಾಳೆ ಬೆಳಿಗ್ಗೆ. ಒಂದು ಗಂಟೆಯೊಳಗೆ ಆ ಯಮ್ಮನ ಸಮಸ್ಯೆ ಮುಗೀದಿದ್ರೆ ಅವರನ್ನ ಬಿಟ್ಟು ಹೊರಡ್ತೀನಿ. ನನಗೂ ಬೇಜಾರೇ, ಆದ್ರೆ ಉಳಿದ ಹದಿನೆಂಟು ಜನಕ್ಕೂ ಕೆಲಸ ಇದೆಯಲ್ಲ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತುಳಸಾಬಾಯಿಯನ್ನು ಕರೆದುಕೊಂಡು ಬಂದು ಕುರ್ಚಿಯ ಮೇಲೆ ಕೂರಿಸಿದೆ. ಪಕ್ಕದ ಕುರ್ಚಿಯಲ್ಲಿ ನಾನೇ ಕೂತೆ. ಅವರು ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆ ಬೆಳಿಗ್ಗೆ ಕೇಳದೆ ಬಿಟ್ಟಿದ್ದನ್ನು ಕೇಳಿದೆ.

“ಬಾಯಿ, ನಿಮ್ಮ ಅಕ್ಕನ ಜೊತೆ ಮಾತಾಡಿ ಎಷ್ಟು ದಿನ ಆಯ್ತು?”

“ಹತ್ತೊಂಬತ್ತು ವರ್ಷ.”

“ಮತ್ತೆ ಬೆಳಿಗ್ಗೆ ಯಾರ ಜೊತೇನೂ ಜಗಳ ಇಲ್ಲ ಅಂದ್ರಲ್ಲ?”

“ಮಾತೇ ಇಲ್ಲದ ಮೇಲೆ ಜಗಳ ಎಲ್ಲಿಂದ ಬಂತು? ಅಲ್ದೆ ರಾಜಿ ಆಗೋಕೇ ತಾನೇ ನಾನು ಹೊರಟಿರೋದು? ಅಲ್ಲಿಗೆ ಹೋಗೋಕೆ ಬಿಡದೆ ಇಲ್ಲೇ ರಾಜಿ ಆಗು ಅಂದ್ರೆ ಯಾವ ನ್ಯಾಯ ಇದು?”

ಏನಾಯಿತು ಹೇಳಿ ಅಂದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದರು. ಅಕ್ಕನ ಹೆಸರು ಯಮುನಾಬಾಯಿ. ಅಕ್ಕನ ಮಗಳು ನಳಿನಿಯ ಮದುವೆ ನಡೆದಾಗ ತುಳಸಾಬಾಯಿಯ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಹೋಗುವುದು ಬೇಡ ಅಂದುಕೊಂಡರೂ ಎತ್ತಿ ಆಡಿಸಿದ ಮಗು ಅಂತ ಹೋದರು. ಹೆಂಗಸರ ಸಾಲಿನಲ್ಲಿ ಕೂತಿದ್ದರು. ಅಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರಿಗೇ ಕೊಡುತ್ತಾ ಬಂದಳು. ಎಡಗಡೆಯವಳಿಗೆ ಕೊಟ್ಟಳು. ಇವರ ಮುಂದೆ ನಿಲ್ಲದೆ ಹಾಗೇ ದಾಟಿಕೊಂಡು ಬಲಗಡೆಯವಳ ಮುಂದೆ ತಟ್ಟೆ ಹಿಡಿದಳು.

“ಬೇರೆ ಯಾರು ಮಾಡಿದ್ರೂ ನಾನು ಏನೂ ಅಂದ್ಕೊಳ್ತಿರಲಿಲ್ಲ ಅಂಬುಜಕ್ಕ. ಎಷ್ಟೋ ಜನ ಮಾಡಿದಾರೆ. ಅವಳು ನಮ್ಮಕ್ಕ” ಅಂದರು. ಊಟಕ್ಕೂ ಕೂರದೆ ಎದ್ದುಬಂದು ಸಿಕ್ಕ ಬಸ್ಸು ಹತ್ತಿದವರು ಮತ್ತೆ ಆ ಮನೆಯ ಕಡೆ ತಲೆ ಹಾಕಿರಲಿಲ್ಲ. ಇಂಥ ತಟ್ಟೆಗಳು ನನ್ನ ಮನೆಯಲ್ಲೂ ಓಡಾಡಿವೆ, ನಾನೂ ಯಾರನ್ನೋ ದಾಟಿದ್ದೇನೆ.

ನಳಿನಿಗೆ ಫೋನು ಹಚ್ಚಿದೆ. ನನ್ನ ಫೋನಿನ ಸದ್ದು ಜೋರು, ಪಕ್ಕದಲ್ಲಿ ಕೂತವರಿಗೆ ಆ ಕಡೆಯ ಮಾತೂ ಪೂರ್ತಿ ಕೇಳಿಸುತ್ತದೆ. ವಿಷಯ ಹೇಳಿದ ಕೂಡಲೇ ಅವಳು ಫೋನನ್ನು ಅಮ್ಮನ ಕಿವಿಗೆ ಹಿಡಿದಳು. ನಾನು ರಿಸೀವರನ್ನು ತುಳಸಾಬಾಯಿಯ ಕೈಗೆ ಕೊಟ್ಟೆ.

“ತುಳಸಿ?” ಅಂತ ಸಣ್ಣ ದನಿ ಬಂತು. “ಅವತ್ತು ಬೀಗರೆಲ್ಲ ನನ್ನನ್ನೇ ನೋಡ್ತಿದ್ರು ಕಣೆ. ಹೆದರಿಕೊಂಡುಬಿಟ್ಟೆ. ಕೈ ತಾನಾಗಿ ಮುಂದಕ್ಕೆ ಹೋಯ್ತು. ತಪ್ಪಾಯ್ತು ನಂದು.”

“ಹೋಗ್ಲಿ ಬಿಡಕ್ಕ” ಅಂದರು ತುಳಸಾಬಾಯಿ.

ಇಷ್ಟು ಸುಲಭವಾಗಿ ಮುಗಿದಿದ್ದು ಕಂಡು ನನಗೆ ಖುಷಿಯೋ ಖುಷಿ. ಕಿಟಕಿಯಿಂದ ಕ್ಯಾಪ್ಟನ್‌ಗೆ ಆಯಿತು ಅಂತ ಸನ್ನೆ ಮಾಡಿ ಚೀಲ ಎತ್ತಿಕೊಂಡೆ. ತುಳಸಾಬಾಯಿ ಕುರ್ಚಿ ಬಿಟ್ಟು ಏಳಲಿಲ್ಲ. ರಿಸೀವರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದುಕೊಂಡಿದ್ದರು.

“ಹತ್ತಿದ್ರೂ ಅದು ಏಳಲ್ಲ ಅಂಬುಜಕ್ಕ.”

“ಯಾಕೆ? ಅವರು ತಪ್ಪಾಯ್ತು ಅಂದ್ರು, ನೀವು ಬಿಡು ಅಂದ್ರಿ. ಇನ್ನೇನಿದೆ?”

“ನಂದಿದೆ” ಅಂದರು. “ಹನ್ನೊಂದು ವರ್ಷದ ಹಿಂದೆ ನಮ್ಮ ಭಾವ ತೀರಿಕೊಂಡ್ರು. ಅಕ್ಕನ ಮನೆಯಿಂದ ಪಕ್ಕದ ಅಂಗಡಿಗೆ ಫೋನ್ ಬಂತು. ಅಂಗಡಿಯವನು ಕರೆದ. ನಾನು ಊರಲ್ಲಿಲ್ಲ ಅಂತ ಹೇಳು ಅಂದೆ. ಅವತ್ತು ಸಾಯಂಕಾಲದವರೆಗೂ ಒಂದೇ ಸಮನೆ ಹೊಲೀತಾ ಕೂತೆ. ಅವಳಿಗೂ ಗೊತ್ತಾಗ್ಲಿ, ಒಬ್ಬಳೇ ಕೂರೋದು ಹೇಗಿರುತ್ತೆ ಅಂತ. ನಿಜ ಹೇಳ್ತೀನಿ, ಆ ದಿನ ನನಗೆ ಒಂಥರಾ ಸಮಾಧಾನ ಆಗಿತ್ತು. ಅವಳು ಇವತ್ತಿಗೂ ನಾನು ಊರಲ್ಲಿರಲಿಲ್ಲ ಅಂತಲೇ ನಂಬಿದಾಳೆ.”

“ಈಗ ಅದನ್ನೆಲ್ಲ ಹೇಳ್ಬೇಡಿ ಬಾಯಿ. ಇನ್ನು ಮೂರು ಗಂಟೆಯಲ್ಲಿ ಅವರ ಎದೆ ಕೊಯ್ತಾರೆ.”

“ಹೇಳ್ದೆ ಹತ್ತಿದ್ರೆ ಏಳಲ್ಲ. ಹತ್ತದೆ ಇದ್ರೆ ಅವಳ ಮುಖ ನೋಡೋಕಾಗಲ್ಲ. ಹೇಳಿದ್ರೆ…” ಅಂದರು.

ಊರಿನವರೆಲ್ಲ ಸಲಹೆ ಕೇಳಿ ನನ್ನ ಹತ್ತಿರ ಬರುತ್ತಾರೆ. ಹದಿನಾರು ವರ್ಷದಲ್ಲಿ ಮೊದಲ ಸಲ ನನಗೆ ಏನು ಹೇಳಬೇಕೋ ತೋಚಲಿಲ್ಲ. ಇವರನ್ನು ಇಲ್ಲೇ ಉಳಿಸಿಕೊಂಡು ಆ ಅಕ್ಕನನ್ನು ನೆಮ್ಮದಿಯಾಗಿ ಆಪರೇಷನ್ನಿಗೆ ಕಳಿಸುವುದೇ ಸರಿ ಅಂತ ಒಂದು ಮನಸ್ಸು. ತಂಗಿ ಬರುತ್ತಾಳೆ ಅಂತ ಬಾಗಿಲು ನೋಡುತ್ತಾ ಮಲಗಿರುವವಳಿಗೆ ಬರುವುದಿಲ್ಲ ಅನ್ನುವುದು ಯಾರು ಅಂತ ಇನ್ನೊಂದು ಮನಸ್ಸು. ನಾನು ಬಾಯಿ ತೆರೆಯುವ ಮುಂಚೆ ತುಳಸಾಬಾಯಿ ರಿಸೀವರಿನ ಮೇಲಿಂದ ಕೈ ತೆಗೆದರು.

“ಅಕ್ಕ, ಭಾವ ಹೋದ ದಿನ ನಾನು ಊರಲ್ಲೇ ಇದ್ದೆ. ಬೇಕು ಅಂತಲೇ ಬರಲಿಲ್ಲ.”

ನಾನು ರಿಸೀವರಿನ ಹತ್ತಿರಕ್ಕೆ ಬಗ್ಗಿದೆ.

“ಗೊತ್ತು” ಅಂದರು ಯಮುನಾಬಾಯಿ.

“ಏನು ಗೊತ್ತು?”

“ಅವತ್ತು ಫೋನ್ ಮಾಡಿದ್ದು ನಾನೇ. ಅಂಗಡಿಯವನು ಊರಲ್ಲಿಲ್ಲ ಅಂದ. ಅವನ ಹಿಂದೆ ಮಿಶೀನು ಓಡ್ತಿತ್ತು. ನೀನು ತುಳಿಯೋ ಸದ್ದು ನನಗೆ ಗೊತ್ತಾಗಲ್ವೇನೆ? ನಿನಗೆ ಮಿಶೀನು ಕಲಿಸಿದ್ದು ಯಾರು?”

“ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?”

“ಯಾರ ಹತ್ರ ಹೇಳ್ಕೊಳ್ಳಲಿ? ಅತ್ತು ಹೇಳ್ಕೊಳ್ಳೋಕೆ ಇದ್ದವಳು ನೀನೊಬ್ಬಳೇ” ಅಂದರು. ಸಣ್ಣಗಿದ್ದ ದನಿ ಮೆಲ್ಲಗೆ ಗಟ್ಟಿಯಾಗುತ್ತಿತ್ತು. “ನಿಮ್ಮ ಭಾವ ಕೊನೇ ವಾರವೆಲ್ಲ ತುಳಸಿ ಬರ್ಲಿಲ್ವಾ, ತುಳಸಿ ಬರ್ಲಿಲ್ವಾ ಅಂತ ಕೇಳಿದ್ರು. ನಾನು ನಾಳೆ ಬರ್ತಾಳೆ ಅಂತ ದಿನಾ ಸುಳ್ಳು ಹೇಳಿದೆ. ಒಬ್ಬಳೇ ಕೂತಿದ್ದೆ ಕಣೆ. ನೀನು ಕೂತಿದ್ದ ಹಾಗೇ ಒಬ್ಬಳೇ ಕೂತಿದ್ದೆ.”

ತುಳಸಾಬಾಯಿ ಗಳಗಳನೆ ಅಳುವುದಕ್ಕೆ ಶುರು ಮಾಡಿದರು. ಊರಿನ ಯಾರೂ ಅವರು ಅತ್ತಿದ್ದನ್ನು ಕಂಡಿರಲಿಲ್ಲ. ಅಳುತ್ತಲೇ, “ನೀನು ಮಾತ್ರ ತಟ್ಟೆ ದಾಟಿಸ್ಕೊಂಡು ಹೋಗ್ಬಹುದಾ?” ಅಂದರು.

“ಅದಕ್ಕೆ ತಪ್ಪಾಯ್ತು ಅಂದ್ನಲ್ಲ. ನೀನು ಅಂದ್ಯಾ?”

“ಅನ್ನೋಕೆ ಬಿಟ್ರೆ ತಾನೇ ನೀನು?”

“ಚಿಕ್ಕೋಳಿದ್ದಾಗಿಂದ ಹಿಂಗೇ. ಮಾಡೋದೆಲ್ಲ ಮಾಡಿ ಕೊನೆಗೆ ನನ್ನ ಮೇಲೇ ಹಾಕ್ತೀಯ.”

“ಅಮ್ಮ, ಡಾಕ್ಟ್ರು ಮಾತಾಡ್ಬೇಡಿ ಅಂದಿದಾರೆ” ಅಂತ ನಳಿನಿಯ ದನಿ ಕೇಳಿಸಿತು.

“ಡಾಕ್ಟ್ರಿಗೆ ಸ್ವಲ್ಪ ಹೊರಗೆ ಕೂತಿರೋಕೆ ಹೇಳು” ಅಂದರು ಯಮುನಾಬಾಯಿ.

ಆಮೇಲೆ ನಡೆದಿದ್ದನ್ನು ಪೂರ್ತಿ ಹೇಳಲಾರೆ. ಇಪ್ಪತ್ತು ನಿಮಿಷ ಇಬ್ಬರೂ ಸೇರಿ ಹತ್ತೊಂಬತ್ತು ವರ್ಷವನ್ನು ಕಿತ್ತು ಹರಡಿದರು. ನಳಿನಿಯ ಬಾಣಂತನಕ್ಕೆ ಯಾರು ಬರಲಿಲ್ಲ, ಅಮ್ಮನ ತಿಥಿಯ ದಿನ ಯಾರು ಯಾರಿಗೆ ಹೇಳಿಕಳಿಸಲಿಲ್ಲ, ಎಲ್ಲ ಬಂತು. ವಿಮಾನದ ಪ್ರಯಾಣಿಕರು ಒಬ್ಬೊಬ್ಬರಾಗಿ ಬಂದು ನನ್ನ ಕೌಂಟರಿನ ಸುತ್ತ ನಿಂತಿದ್ದರು. ಕಾಲೇಜಿನ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ತುಳಸಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, “ತಪ್ಪಾಯ್ತಕ್ಕ” ಅಂದರು.

“ಫೋನಲ್ಲಿ ಅಂದ್ರೆ ನಾನು ಒಪ್ಪಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿಗೆ ಬಂದು ಎದುರಿಗೆ ನಿಂತು ಬೈಸ್ಕೋ.”

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಮುಗಿದುಹೋಗಿದ್ದ ಜಗಳ ಮತ್ತೆ ಹೊತ್ತಿಕೊಂಡಿತ್ತು. ಬೆಳಿಗ್ಗೆ ಒಬ್ಬರ ಮುನಿಸು ಮಾತ್ರ ಇತ್ತು, ಈಗ ಇಬ್ಬರದೂ ಸೇರಿಕೊಂಡಿತು. ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷ. ಕ್ಯಾಪ್ಟನ್ ಬೆಳ್ಳಿಯಪ್ಪ ಮುಂದೆ ಬಂದು, “ರಾಜಿ ಆಯ್ತಾ?” ಅಂದರು.

ಆ ಕೌಂಟರಿನಲ್ಲಿ ಕೂತು ನಾನು ಸುಳ್ಳು ಹೇಳಿದವಳಲ್ಲ. “ಇಲ್ಲ” ಅಂದೆ.

“ಹಾಗಾದ್ರೆ ಅವರನ್ನ ಬಿಟ್ಟು ಹೊರಡ್ತೀನಿ.”

ತುಳಸಾಬಾಯಿ ಎಲ್ಲಿ ಅಂತ ನೋಡಿದರೆ ಕುರ್ಚಿ ಖಾಲಿಯಾಗಿತ್ತು. ರಿಸೀವರು ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಅವರಾಗಲೇ ಬಿಸಿಲಿನಲ್ಲಿ ಅರ್ಧ ದಾರಿ ದಾಟಿ, ಚೀಲವನ್ನು ಎದೆಗೆ ಅವುಚಿಕೊಂಡು ವಿಮಾನದ ಮೆಟ್ಟಿಲು ಹತ್ತುತ್ತಿದ್ದರು. ಅಕ್ಕನಿಗೆ ಕೊಡಬೇಕಾದ ಉತ್ತರವನ್ನು ಈಗಿನಿಂದಲೇ ಗಟ್ಟಿ ಮಾಡಿಕೊಳ್ಳುತ್ತಿದ್ದರೋ ಏನೋ, ತುಟಿ ಅಲ್ಲಾಡುತ್ತಲೇ ಇತ್ತು.

“ಅವರನ್ನ ಇಳಿಸೋ ಧೈರ್ಯ ಇದ್ರೆ ನೀವೇ ಇಳಿಸಿ ಕ್ಯಾಪ್ಟನ್, ನನ್ನ ಕೈಲಾಗಲ್ಲ” ಅಂದೆ.

ಕ್ಯಾಪ್ಟನ್ ಸುತ್ತ ನಿಂತವರ ಕಡೆ ನೋಡಿದರು. ಏಳದೆ ಹೋದರೆ ಎಲ್ಲರೂ ನಾಳೆಯವರೆಗೆ ಕಾಯಬೇಕು. ಕಾಲೇಜಿನ ಮೇಷ್ಟ್ರು ಮೊದಲು ಹೆಜ್ಜೆ ಇಟ್ಟರು, ಅವರ ಹಿಂದೆ ಉಳಿದವರು ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಕ್ಯಾಪ್ಟನ್ ಟೋಪಿ ಹಾಕಿಕೊಂಡು ಕೊನೆಯಲ್ಲಿ ಹತ್ತಿದರು.

ನಾನು ಫೋನು ಕೈಗೆತ್ತಿಕೊಂಡು, ತಂತಿ ಎಳೆದಷ್ಟು ದೂರ ಎಳೆದುಕೊಂಡು ಕಿಟಕಿಯ ಹತ್ತಿರ ಬಂದು ನಿಂತೆ. ಬೇಲಿಯ ಹತ್ತಿರ ಆ ಇಪ್ಪತ್ತಮೂರು ಹೆಂಗಸರೂ ಮನೆಗೆ ಹೋಗದೆ ನಿಂತಿದ್ದರು. ವಿಮಾನ ಓಡತೊಡಗಿತು. ಕೆಂಪು ಫೈರ್ ಇಂಜಿನ್ ದಾಟಿತು, ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲದ ಕಂಬ ದಾಟಿತು. ದಿನವೂ ಏಳುವ ಜಾಗ ಬಂತು, ಏಳಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಬೇಲಿಯ ಕಡೆಯಿಂದ ಹೆಂಗಸರ ಗದ್ದಲ ಕೇಳಿ ಕಣ್ಣು ತೆರೆದಾಗ ಶೇಂಗಾ ಹೊಲದ ಮೇಲೆ ವಿಮಾನದ ನೆರಳು ಓಡುತ್ತಿತ್ತು. ವಿಮಾನ ಅದರ ಮೇಲಿತ್ತು.

ಹೇಗೆ ಎದ್ದಿತು ಅಂತ ಇವತ್ತಿಗೂ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಾಯಿಬಿಟ್ಟು ಆಡುವ ಜಗಳಕ್ಕೆ ಭಾರವಿಲ್ಲ, ಮಾತು ಬಿಟ್ಟ ಮುನಿಸಿಗೆ ಮಾತ್ರ ಭಾರ ಅನ್ನುವವರೂ ಇದ್ದಾರೆ. ನನಗೆ ಗೊತ್ತಿಲ್ಲ. ಅವತ್ತು ನನಗೆ ಗೊತ್ತಿದ್ದದ್ದು ಕೈಯಲ್ಲಿದ್ದ ಫೋನಿನ ಆ ಕಡೆ ಯಾರೋ ಕಾಯುತ್ತಿದ್ದಾರೆ ಅನ್ನುವುದು ಮಾತ್ರ.

“ಹಲೋ” ಅಂದೆ. ನಳಿನಿ ಇರಬಹುದು ಅಂದುಕೊಂಡಿದ್ದೆ. ಯಮುನಾಬಾಯಿಯೇ ಇದ್ದರು.

“ಎದ್ದಿತಾ?”

“ಎದ್ದಿತಮ್ಮ. ಮೂರು ಗಂಟೆ ಹೊತ್ತಿಗೆ ನಿಮ್ಮ ಹತ್ರ ಇರ್ತಾರೆ.”

ದಿಂಬು ಸರಿಮಾಡಿಕೊಂಡ ಸದ್ದು, ಕೆಮ್ಮಿ ಗಂಟಲು ತಿಳಿಮಾಡಿಕೊಂಡ ಸದ್ದು.

“ಬರ್ಲಿ” ಅಂದರು. “ಅವಳಿಗಿದೆ ಇವತ್ತು.”